ಹೊಯಿಗೆಗೆ ಹೆದರದ ವೆಜ್: ವೋಕಿ 56-14 ಎಫ್ ಬಳಸಿ ನೋಡಿದ ಮೇಲೆ

ಗಾಲ್ಫ್‌ನಲ್ಲಿ ಗ್ರೀನ್ (ಹೋಲ್ ಇರುವ, ಹುಲ್ಲು ಸಣ್ಣಗೆ ಕತ್ತರಿಸಿದ ಜಾಗ) ಪಕ್ಕದ ಬಂಕರ್‌ನಿಂದ, ಅಂದರೆ ಹೊಯಿಗೆ (ಮರಳು) ತುಂಬಿದ ಹೊಂಡದಿಂದ, ಚೆಂಡು ಒಂದೇ ಏಟಿಗೆ ಹೊರಗೆ ಬರಬೇಕಾದರೆ ಅದಕ್ಕೆಂದೇ ಇರುವ ಸ್ಯಾಂಡ್ ವೆಜ್ ಎಂಬ ಕ್ಲಬ್ ಕೊಳ್ಳುವಾಗ ಅದರ ಮುಖ ನೋಡಬೇಡಿ. ತಿರುಗಿಸಿ ತಳ ನೋಡಿ. ಅಂಗಡಿಯವರು 56 ಡಿಗ್ರಿ, 58 ಡಿಗ್ರಿ ಅಂತ ಲಾಫ್ಟ್ (ಮುಖ ಹಿಂದಕ್ಕೆ ವಾಲಿರುವ ಕೋನ) ಹೇಳುತ್ತಾರೆ. ಹೊಯಿಗೆಯಲ್ಲಿ ಕೆಲಸ ಮಾಡುವುದು ಅದರ ಪಕ್ಕ ಬರೆದಿರುವ ಇನ್ನೊಂದು ಅಂಕೆ, ಬೌನ್ಸ್. ನಾನು ತೆಗೆದುಕೊಂಡದ್ದು ಟೈಟ್ಲಿಸ್ಟ್ ಕಂಪನಿಯ ವೋಕಿ ಎಸ್‌ಎಂ8. ಲಾಫ್ಟ್ 56, ಬೌನ್ಸ್ 14, ಎಫ್ ಗ್ರೈಂಡ್ (ತಳ ತಿಕ್ಕಿದ ರೀತಿ). ಬೇಸಿಗೆಯ ಒಣ ಹೊಯಿಗೆ, ಮಳೆಗಾಲದ ಗಟ್ಟಿ ಹೊಯಿಗೆ ಎರಡರಲ್ಲೂ ಬಳಸಿ ಆಗಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನಾನಿರುವುದು ಕಾಸರಗೋಡಿನ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ಮನೆ. ಗಾಲ್ಫ್ ಕಲಿತದ್ದು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ. ಊರಿಗೆ ಬಂದ ಮೇಲೆ ಆಟಕ್ಕೆ ಗತಿ ಮಂಗಳೂರಿನ ಆಚೆಯ ಪಿಲಿಕುಳದ ಗಾಲ್ಫ್ ಕೋರ್ಸ್. ತಲಪಾಡಿ ದಾಟಿ ಅಷ್ಟು ದೂರ ಹೋಗಬೇಕು ಅಂದಮೇಲೆ ವಾರಕ್ಕೊಮ್ಮೆ ಆಡಿದರೇ ಜಾಸ್ತಿ. ಹಾಗಾಗಿ ಅಭ್ಯಾಸ ಎಲ್ಲ ಮನೆಯಲ್ಲೇ. ಚಿಪ್ಪಿಂಗ್ (ಹತ್ತಿರದ ಸಣ್ಣ ಹೊಡೆತ) ಅಂಗಳದಲ್ಲಿ ಆಗುತ್ತದೆ, ಪಟಿಂಗ್ (ಹೋಲ್‌ಗೆ ಉರುಳಿಸುವುದು) ಚಾವಡಿಯಲ್ಲಿ ಆಗುತ್ತದೆ. ಬಂಕರ್ ಮಾತ್ರ ಎಲ್ಲಿಂದ ತರುವುದು? ಅದಕ್ಕೊಂದು ದಾರಿ ಮಾಡಿಕೊಂಡಿದ್ದೇನೆ, ಮುಂದೆ ಹೇಳುತ್ತೇನೆ.

ಮೊದಲು ಬೌನ್ಸ್ ಅಂದರೇನು ಅಂತ ನೋಡೋಣ. ಇದು ತಿಳಿಯದಿದ್ದರೆ ಈ ಕ್ಲಬ್ ಯಾಕೆ ಒಳ್ಳೆಯದು ಅಂತ ಹೇಳಿದರೂ ಅರ್ಥವಾಗುವುದಿಲ್ಲ.

ವೆಜ್‌ನ ತಲೆಯನ್ನು ನೆಲದ ಮೇಲೆ, ಶಾಫ್ಟ್ (ಕೋಲು) ನೇರ ಇರುವ ಹಾಗೆ ಇಡಿ. ಬಗ್ಗಿ ಬದಿಯಿಂದ ನೋಡಿ. ಮುಂದಿನ ಅಂಚು ನೆಲಕ್ಕೆ ತಾಗಿರುವುದಿಲ್ಲ, ಸ್ವಲ್ಪ ಮೇಲೆ ನಿಂತಿರುತ್ತದೆ. ನೆಲ ಮುಟ್ಟುವುದು ತಳದ ಹೊಟ್ಟೆ. ಅಂಚಿನಿಂದ ಹೊಟ್ಟೆಯವರೆಗೆ ಇರುವ ಆ ಇಳಿಜಾರಿನ ಕೋನವೇ ಬೌನ್ಸ್. 4 ಡಿಗ್ರಿ, 6 ಡಿಗ್ರಿ ಇದ್ದರೆ ಅಂಚು ನೆಲಕ್ಕೆ ಹತ್ತಿರ, ಹೊಯಿಗೆಗೆ ಕಚ್ಚಿ ಒಳಗೆ ಹೋಗುತ್ತದೆ. 12, 14 ಇದ್ದರೆ ಹೊಟ್ಟೆ ಮೊದಲು ತಾಗುತ್ತದೆ, ತಲೆ ಹೂತುಹೋಗದೆ ಜಾರಿಕೊಂಡು ಮುಂದೆ ಸಾಗುತ್ತದೆ. ಚೆಂಡಿನ ಅಡಿಯ ಹೊಯಿಗೆ ಮೇಲೆದ್ದು ಬರುವಾಗ ಚೆಂಡನ್ನೂ ಹೊತ್ತು ತರುತ್ತದೆ. ಬಂಕರ್ ಹೊಡೆತದಲ್ಲಿ ಕ್ಲಬ್ ಚೆಂಡಿಗೆ ತಾಗುವುದೇ ಇಲ್ಲ. ಚೆಂಡನ್ನು ಎತ್ತುವುದು ಹೊಯಿಗೆ.

ಈ ಉಪಾಯ ಆಟದಷ್ಟು ಹಳೆಯದಲ್ಲ. ಅಮೆರಿಕದ ಗಾಲ್ಫ್ ಆಟಗಾರ ಜೀನ್ ಸರಾಜೆನ್ ವಿಮಾನ ಹಾರುವಾಗ ಅದರ ಬಾಲದ ರೆಕ್ಕೆ ಕೆಳಗಾದರೆ ವಿಮಾನ ಮೇಲೇಳುವುದನ್ನು ಗಮನಿಸಿ, ತನ್ನ ಹಳೆಯ ನಿಬ್ಲಿಕ್ ಕ್ಲಬ್ಬಿನ ತಳಕ್ಕೆ ಹಿಂದಿನಿಂದ ಸೀಸ ಬೆಸೆದು ಉಬ್ಬು ಮಾಡಿದರು. 1932ರಲ್ಲಿ ಇಂಗ್ಲೆಂಡಿನ ಪ್ರಿನ್ಸಸ್ ಕೋರ್ಸ್‌ನಲ್ಲಿ ಬ್ರಿಟಿಷ್ ಓಪನ್ ಗೆದ್ದಾಗ ಆ ಕ್ಲಬ್ ಅವರ ಚೀಲದಲ್ಲಿತ್ತು. ಅದಕ್ಕೂ ಮೊದಲಿನವರು ತೆಳು ತಳದ ಕ್ಲಬ್ಬಿನಲ್ಲಿ ಹೊಯಿಗೆಯಿಂದ ಚೆಂಡು ತೆಗೆಯುತ್ತಿದ್ದರು. ಅವರ ಕಷ್ಟ ನೆನೆಸಿದರೆ ನಮ್ಮದೇನೂ ಅಲ್ಲ.

ಇನ್ನು ಎಫ್ ಗ್ರೈಂಡ್. ಎಫ್ ಅಂದರೆ ತಳವನ್ನು ಅಲ್ಲಲ್ಲಿ ತಿಕ್ಕಿ ತೆಗೆಯದೆ ಪೂರ್ತಿಯಾಗಿ ಬಿಟ್ಟಿರುವುದು. ಸರಳ ತಳ, ಅಗಲ ತಳ. ಫೇಸ್ (ಕ್ಲಬ್ಬಿನ ಮುಖ) ನೇರ ಇಟ್ಟು ಹೊಡೆಯುವವರಿಗೆ, ಫುಲ್ ಶಾಟ್‌ಗೂ ಅದೇ ವೆಜ್ ಬಳಸುವವರಿಗೆ ಇದನ್ನು ಮಾಡಿದ್ದು. ನನ್ನ ಸ್ವಿಂಗ್ ಮೇಲಿಂದ ಕೆಳಕ್ಕೆ ಕಡಿದ ಹಾಗೆ ಇಳಿಯುವ ಜಾತಿಯದು. ಅಂಥ ಕೈಗೆ ಕಡಿಮೆ ಬೌನ್ಸಿನ ಕ್ಲಬ್ ಕೊಟ್ಟರೆ ಹೊಯಿಗೆಯಲ್ಲಿ ಅರ್ಧ ಹೂತು ನಿಲ್ಲುತ್ತದೆ. ಈ ವೆಜ್‌ನಲ್ಲಿ ಹಾಗಾಗುವುದಿಲ್ಲ. ತಳದ ಹೊಟ್ಟೆ ತಾಗಿದ ಕೂಡಲೇ ತಲೆ ಮೇಲಕ್ಕೆ ತಳ್ಳಿಸಿಕೊಳ್ಳುವುದು ಅಂಗೈಗೆ ಗೊತ್ತಾಗುತ್ತದೆ. "ಥಡ್" ಅಂತ ಒಂದು ದಪ್ಪ ಸದ್ದು. ಆ ಸದ್ದು ಬಂದರೆ ಚೆಂಡು ಎಲ್ಲಿದೆ ಅಂತ ನೋಡಬೇಕಾಗಿಯೇ ಇಲ್ಲ, ಗ್ರೀನ್ ಮೇಲೆ ಇರುತ್ತದೆ.

ನಾನು ಇದನ್ನು ಪರೀಕ್ಷೆ ಮಾಡಿದ ಜಾಗ ಕುಂಬಳೆಯ ಕಡಪ್ಪುರ (ಕಡಲ ತೀರ). ಗಾಲ್ಫ್ ಆಡುವ ನಮ್ಮ ಕಡೆಯವರಿಗೆ ದೇವರು ಕೊಟ್ಟ ಪ್ರಯೋಗಶಾಲೆ ಅದು. ತೆಂಗಿನ ಬುಡದಿಂದ ಸ್ವಲ್ಪ ಕೆಳಗೆ ಹೊಯಿಗೆ ಒಣಗಿ ಸಡಿಲ, ಕಾಲಿಟ್ಟರೆ ಹಿಮ್ಮಡಿ ಮುಳುಗುತ್ತದೆ. ಇನ್ನೂ ನಾಲ್ಕು ಹೆಜ್ಜೆ ನೀರಿನ ಕಡೆಗೆ ಹೋದರೆ ತೆರೆ ಬಂದು ಹೋದ ಜಾಗ, ಸಿಮೆಂಟ್ ಹಾಕಿದ ಹಾಗೆ ಗಟ್ಟಿ. ಎರಡು ಬಗೆಯ ಬಂಕರ್ ಒಂದೇ ಕಡೆ ಸಿಕ್ಕಿತಲ್ವಾ? ಬೆಳಗ್ಗೆ ದೋಣಿಯವರು ಬಲೆ ಬಿಡಿಸುವ ಜಾಗದಿಂದ ದೂರ, ಜನ ಇಲ್ಲದ ಕಡೆ ನಿಂತು, ಚೆಂಡು ಇಲ್ಲದೆ ಬರೀ ಸ್ವಿಂಗ್ ಮಾಡುತ್ತೇನೆ. ಸಮುದ್ರದ ಕರೆಯಲ್ಲಿ ಚೆಂಡು ಹೊಡೆಯುವುದು ಬೇಡವೇ ಬೇಡ. ಯಾರಿಗಾದರೂ ತಾಗಿದರೆ ದೊಡ್ಡ ಅಪಾಯ.

ಅಭ್ಯಾಸ ಹೀಗೆ. ಕ್ಲಬ್ಬಿನ ತುದಿಯಿಂದ ಹೊಯಿಗೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಆ ಗೆರೆಗೆ ಅಡ್ಡವಾಗಿ, ಗೆರೆ ನಿಮ್ಮ ಎರಡು ಕಾಲಿನ ನಡುವೆ ಬರುವ ಹಾಗೆ ನಿಲ್ಲಿ. ಗೆರೆ ಅಂದರೆ ಕ್ಲಬ್ ಹೊಯಿಗೆಯ ಒಳಗೆ ಹೋಗಬೇಕಾದ ಜಾಗ. ಪ್ರತಿ ಸ್ವಿಂಗ್‌ಗೂ ಅರ್ಧ ಹೆಜ್ಜೆ ಮುಂದೆ ಸರಿಯುತ್ತಾ ಗೆರೆಯ ಉದ್ದಕ್ಕೂ ಹೋಗಿ. ಕೊನೆಗೆ ಹಿಂತಿರುಗಿ ನೋಡಿದರೆ ಹೊಂಡಗಳ ಸಾಲು ಇರುತ್ತದೆ. ಹೊಂಡ ಎಲ್ಲವೂ ಗೆರೆಯಿಂದಲೇ ಶುರುವಾಗಿ ಮುಂದಕ್ಕೆ ಹೋಗಿದ್ದರೆ ಕೈ ಸರಿ ಇದೆ. ಕೆಲವು ಗೆರೆಯ ಹಿಂದೆ, ಕೆಲವು ಮುಂದೆ ಅಂತಿದ್ದರೆ ತೂಕ ಹಿಂದಿನ ಕಾಲಿಗೆ ಹೋಗುತ್ತಿದೆ ಅಂತ ಅರ್ಥ. ಹೊಂಡದ ಆಳವನ್ನೂ ನೋಡಿ. ಬೆರಳ ಒಂದು ಗಣ್ಣಿನಷ್ಟು, ಅಗಲವಾಗಿ, ಬಟ್ಟಲಿನ ಹಾಗೆ ಇರಬೇಕು. ಕಿರಿದಾಗಿ ಆಳಕ್ಕೆ ಇಳಿದಿದ್ದರೆ ಅಂಚು ಕಚ್ಚಿದೆ.

ಒಣ ಹೊಯಿಗೆಯಲ್ಲಿ ಈ 14 ಬೌನ್ಸಿನ ವೆಜ್ ಮಾಡುವ ಹೊಂಡ ನೋಡಲಿಕ್ಕೇ ಚೆಂದ. ಉದ್ದಕ್ಕೆ, ತೆಳ್ಳಗೆ, ಒಂದೇ ಸಮ. ಅದೇ ಕೈಯಲ್ಲಿ ಪಿಚಿಂಗ್ ವೆಜ್ ಹಿಡಿದು ಹೊಡೆದರೆ ಗುಂಡಿ. ಪಿಚಿಂಗ್ ವೆಜ್‌ನ ತಳ ಸಪೂರ, ಬೌನ್ಸ್ ಕಡಿಮೆ, ಹೊಯಿಗೆಗೆ ಅಂತ ಮಾಡಿದ್ದೇ ಅಲ್ಲ ಅದು. ಸೆಟ್ ಜೊತೆ ಬಂದ ಪಿಚಿಂಗ್ ವೆಜ್‌ನಲ್ಲೇ ಬಂಕರ್ ಆಡುವವರು ದಯವಿಟ್ಟು ಇದನ್ನು ಒಮ್ಮೆ ಮಾಡಿ ನೋಡಿ. ಯಾರೂ ಹೇಳಿಕೊಡುವುದು ಬೇಡ, ಹೊಂಡವೇ ಹೇಳುತ್ತದೆ.

ಗಟ್ಟಿ ಹೊಯಿಗೆಯಲ್ಲಿ ಕತೆ ಬೇರೆ. ಫೇಸ್ ತೆರೆದು, ಅಂದರೆ ಮುಖ ಆಕಾಶ ನೋಡುವ ಹಾಗೆ ತಿರುಗಿಸಿ, ಹೊಡೆದರೆ ಹೊಟ್ಟೆ ನೆಲಕ್ಕೆ ತಾಗಿ ತಲೆ ಚಿಮ್ಮುತ್ತದೆ. ನಿಜವಾದ ಬಂಕರ್‌ನಲ್ಲಿ ಹೀಗಾದರೆ ಮುಂದಿನ ಅಂಚು ನೇರ ಚೆಂಡಿನ ಹೊಟ್ಟೆಗೆ ಬಡಿದು, ಚೆಂಡು ಗ್ರೀನ್ ದಾಟಿ ಆಚೆ ಪೊದೆಗೆ. ಈ ವೆಜ್ ಕೊಳ್ಳುವವರು ಇದನ್ನು ಮೊದಲೇ ತಿಳಿದಿರಬೇಕು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಕರ್ ಹೊಯಿಗೆ ಒದ್ದೆಯಾಗಿ ಕುಳಿತೇ ಇರುತ್ತದೆ. ಆಗ ನಾನು ಮಾಡುವುದು ಇಷ್ಟೆ. ಫೇಸ್ ತೆರೆಯುವುದಿಲ್ಲ, ನೇರ ಇಡುತ್ತೇನೆ. ಕೈಯನ್ನು ಚೆಂಡಿಗಿಂತ ಒಂದು ಚೂರು ಮುಂದೆ ಇಡುತ್ತೇನೆ. ಶಾಫ್ಟ್ ಮುಂದಕ್ಕೆ ವಾಲಿದಷ್ಟೂ ಬೌನ್ಸ್ ಕಡಿಮೆಯಾಗುತ್ತದೆ, ಫೇಸ್ ತೆರೆದಷ್ಟೂ ಜಾಸ್ತಿಯಾಗುತ್ತದೆ. ಅಂದರೆ 14 ಅಂತ ಬರೆದಿದ್ದರೂ ಅದನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುವುದು ನಮ್ಮ ಕೈಯಲ್ಲೇ ಇದೆ. ಒದ್ದೆ ಹೊಯಿಗೆಯಿಂದ ಚೆಂಡು ಬೇಗ ಹೊರಬರುತ್ತದೆ, ಬಿದ್ದ ಮೇಲೆ ಜಾಸ್ತಿ ಓಡುತ್ತದೆ. ಅದಕ್ಕೆ ಸ್ವಿಂಗ್ ಸಣ್ಣದಾದರೆ ಸಾಕು.

ಮಳೆಗಾಲದ ಮಾತು ಬಂತಲ್ಲ, ನಿಯಮದ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ಬಂಕರ್‌ನಲ್ಲಿ ಮಳೆ ನೀರು ನಿಂತು ಚೆಂಡು ಅದರಲ್ಲಿ ಬಿದ್ದಿದ್ದರೆ, ಬಂಕರ್ ಒಳಗೇ ಹೋಲ್‌ಗೆ ಹತ್ತಿರವಾಗದ ಹಾಗೆ ಬೇರೆ ಕಡೆ ಡ್ರಾಪ್ ಮಾಡಲು (ಚೆಂಡು ಎತ್ತಿ ಕೈಯಿಂದ ಬೀಳಿಸಲು) ದಂಡ ಇಲ್ಲ. ಬಂಕರ್‌ನಿಂದ ಹೊರಗೆ ತರಬೇಕಾದರೆ ಒಂದು ಏಟು ದಂಡ. ಕೆಲವರು ಸುಮ್ನೆ ನೀರಿಗೇ ಹೊಡೆದು ಅಂಗಿ ಕೊಳೆ ಮಾಡಿಕೊಳ್ಳುತ್ತಾರೆ.

2019ರಲ್ಲಿ ಬದಲಾದ ನಿಯಮ ಇನ್ನೂ ಕೆಲವರಿಗೆ ಗೊತ್ತಿಲ್ಲ. ಬಂಕರ್‌ನಲ್ಲಿ ಬಿದ್ದ ಒಣ ಎಲೆ, ಕಡ್ಡಿ, ಕಲ್ಲು ಈಗ ತೆಗೆಯಬಹುದು. ತೆಗೆಯುವಾಗ ಚೆಂಡು ಅಲುಗಬಾರದು ಅಷ್ಟೆ. ಆದರೆ ಹೊಯಿಗೆ ಹೇಗಿದೆ ಅಂತ ಕೈಯಿಂದಲೋ ಕ್ಲಬ್ಬಿನಿಂದಲೋ ಮುಟ್ಟಿ ಪರೀಕ್ಷೆ ಮಾಡುವ ಹಾಗಿಲ್ಲ. ಚೆಂಡಿನ ಹಿಂದೆ ಮುಂದೆ ಕ್ಲಬ್ ಊರುವ ಹಾಗಿಲ್ಲ. ಪ್ರಾಕ್ಟೀಸ್ ಸ್ವಿಂಗ್‌ನಲ್ಲಾಗಲೀ ಬ್ಯಾಕ್‌ಸ್ವಿಂಗ್‌ನಲ್ಲಾಗಲೀ ಹೊಯಿಗೆ ತಾಗಬಾರದು. ಹಾಗಿರುವಾಗ ಹೊಯಿಗೆ ಗಟ್ಟಿಯೋ ಸಡಿಲವೋ ತಿಳಿಯುವುದು ಹೇಗೆ? ಕಾಲಿನಿಂದ. ನಿಲ್ಲುವಾಗ ಪಾದವನ್ನು ಸ್ವಲ್ಪ ತಿರುಗಿಸಿ ಊರಿಕೊಳ್ಳಲು ಅನುಮತಿ ಇದೆ. ಎಷ್ಟು ಇಳಿಯಿತು, ಅಡಿಯಲ್ಲಿ ಗಟ್ಟಿ ನೆಲ ಸಿಕ್ಕಿತೋ ಇಲ್ಲವೋ ಅಂತ ಅಂಗಾಲು ಹೇಳುತ್ತದೆ. ಅದನ್ನು ಕೇಳಿ ಫೇಸ್ ಎಷ್ಟು ತೆರೆಯಬೇಕು ಅಂತ ತೀರ್ಮಾನ ಮಾಡಿ.

ಈಗ ಮನೆಯ ಬಂಕರ್. ತೋಟದ ಮೂಲೆಯಲ್ಲಿ, ಎರಡು ಅಡಿಕೆ ಮರ ಬಿದ್ದು ಖಾಲಿಯಾದ ಕಡೆ, ಒಂದು ಹೊಂಡ ತೋಡಿಸಿದೆ. ನಮ್ಮದು ಮುರ (ಕೆಂಪು ಕಲ್ಲಿನ) ನೆಲ. ಪಿಕಾಸಿ ಹಾಕಿದರೆ ಕಿಡಿ ಹಾರುತ್ತದೆ, ತೋಡಿದ ಅಣ್ಣನ ಬೆವರು ನೋಡಿ ನನಗೇ ಪಾಪ ಅನ್ನಿಸಿತು. ಅಡಿಗೆ ಸಣ್ಣ ಜಲ್ಲಿ, ಅದರ ಮೇಲೆ ತೋಟಕ್ಕೆ ತಂದು ಉಳಿದಿದ್ದ ಹಸಿರು ಬಲೆ, ಆಮೇಲೆ ಹೊಯಿಗೆ. ಒಂದು ಬದಿಯಿಂದ ನೀರು ಹೋಗಲು ಕಣಿ. ಈ ಕಣಿ ಇಲ್ಲದಿದ್ದರೆ ಮಳೆ ಸುರಿಯುವ ಆಟಿ ತಿಂಗಳಲ್ಲಿ ಅದು ಬಂಕರ್ ಆಗಿ ಉಳಿಯುವುದಿಲ್ಲ, ಕಪ್ಪೆಗಳ ಕೆರೆ ಆಗುತ್ತದೆ.

ಹೊಯಿಗೆ ಯಾವುದು ಹಾಕಬೇಕು ಅನ್ನುವುದರಲ್ಲಿ ನಾನು ತುಂಬ ತಲೆ ಓಡಿಸಿದ್ದೇನೆ, ಯಾಕೆಂದರೆ ಅಭ್ಯಾಸ ಮಾಡಿದ ಹೊಯಿಗೆ ಮತ್ತು ಆಡುವ ಹೊಯಿಗೆ ಬೇರೆ ಬೇರೆ ಆದರೆ ಕೈ ಕೆಡುತ್ತದೆ. ಬಂಕರ್‌ಗೆ ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಹೇಳುವುದು, ಹೆಚ್ಚಿನ ಕಣಗಳು ಕಾಲು ಮಿಲಿಮೀಟರ್‌ನಿಂದ ಒಂದು ಮಿಲಿಮೀಟರ್ ಒಳಗೆ ಇರಬೇಕು ಅಂತ. ಕಣಗಳಿಗೆ ಮೂಲೆ ಇರಬೇಕು, ಉರುಟಾಗಿರಬಾರದು. ಮೂಲೆ ಇರುವ ಕಣ ಒಂದಕ್ಕೊಂದು ಕಚ್ಚಿ ನಿಲ್ಲುತ್ತದೆ, ಮೇಲಿಂದ ಬಿದ್ದ ಚೆಂಡು ಹೂತುಹೋಗುವುದಿಲ್ಲ. ಸಮುದ್ರದ ಹೊಯಿಗೆ ತೆರೆಯಲ್ಲಿ ಉರುಳಿ ಉರುಳಿ ನುಣ್ಣಗಾಗಿದೆ, ಅದರಲ್ಲಿ ಚೆಂಡು ಅರ್ಧಕ್ಕೆ ಇಳಿದು ಕೂರುತ್ತದೆ. ಅದೂ ಅಲ್ಲದೆ ಕಡಲ ಕರೆಯಿಂದ ಹೊಯಿಗೆ ತರುವುದು ಕಾನೂನಿಗೆ ವಿರುದ್ಧ, ಕರೆಗೂ ಕೇಡು. ಹೊಳೆ ಹೊಯಿಗೆಯ ಪಾಡು ಎಲ್ಲರಿಗೂ ಗೊತ್ತು. ನಾನು ತಂದದ್ದು ಗಾರೆಗೆ ಬಳಸುವ, ತೊಳೆದ ಎಂ-ಸ್ಯಾಂಡ್. ಕಲ್ಲು ಒಡೆದು ಮಾಡಿದ್ದಾದ್ದರಿಂದ ಮೂಲೆ ಬೇಕಾದಷ್ಟಿದೆ. ಗಾರೆಯವರ ಜರಡಿಯಲ್ಲಿ ಆಡಿಸಿ ದೊಡ್ಡ ಕಣ ತೆಗೆದೆ, ಮತ್ತೆ ನೀರು ಬಿಟ್ಟು ಹುಡಿ ತೊಳೆದೆ. ಹುಡಿ ಉಳಿದರೆ ಬಿಸಿಲಿಗೆ ಗಾರೆಯ ಹಾಗೆ ಕಟ್ಟಿಕೊಳ್ಳುತ್ತದೆ. ಅಡಿಯಲ್ಲಿ ನಾಲ್ಕರಿಂದ ಆರು ಇಂಚು, ಬದಿಯ ಏರಿನಲ್ಲಿ ಎರಡು ಮೂರು ಇಂಚು ದಪ್ಪ. ಏರಿನಲ್ಲಿ ಜಾಸ್ತಿ ಹಾಕಿದರೆ ಚೆಂಡು ಅಲ್ಲೇ ಹೂತುಕೊಳ್ಳುತ್ತದೆ, ಕೆಳಕ್ಕೆ ಉರುಳಿ ಬರುವುದಿಲ್ಲ.

ಗುರಿಗೆ ಅಡಿಕೆ ಹಾಳೆ. ಅಂಗಳದ ಕಡೆಗೆ ಹತ್ತು ಹೆಜ್ಜೆಗೆ ಒಂದು, ಹದಿನೈದಕ್ಕೆ ಒಂದು, ಇಪ್ಪತ್ತಕ್ಕೆ ಒಂದು ಹಾಸಿಡುತ್ತೇನೆ. ಚೆಂಡು ಹಾಳೆಯ ಮೇಲೆ ಬಿದ್ದರೆ "ಟಪ್" ಅಂತ ಕೇಳುತ್ತದೆ, ನೋಡಲು ತಲೆ ಎತ್ತಬೇಕಾಗಿಲ್ಲ. ತಲೆ ಎತ್ತದೆ ಇರುವುದೇ ಅರ್ಧ ವಿದ್ಯೆ.

ಹೊಡೆಯುವ ಕ್ರಮವನ್ನೂ ಹೇಳುತ್ತೇನೆ, ಈ ವೆಜ್‌ಗೆ ಹೊಂದುವ ಹಾಗೆ. ಮೊದಲು ಫೇಸ್ ತೆರೆಯಿರಿ, ಆಮೇಲೆ ಗ್ರಿಪ್ ಹಿಡಿಯಿರಿ. ಈ ಕ್ರಮ ಮುಖ್ಯ. ಹಿಡಿದ ಮೇಲೆ ಮಣಿಕಟ್ಟು ತಿರುಗಿಸಿ ತೆರೆದರೆ ಹೊಡೆಯುವ ಹೊತ್ತಿಗೆ ಅದು ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತದೆ. ಕಾಲು ಎಂದಿಗಿಂತ ಅಗಲ. ಮಂಡಿ ಬಾಗಿಸಿ, ಕೈ ತಗ್ಗಿಸಿ. ಚೆಂಡು ಎಡ ಹಿಮ್ಮಡಿಯ ನೇರಕ್ಕೆ. ತೂಕ ಎಡಗಾಲಿನ ಮೇಲೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಹೊಡೆದು ಮುಗಿಯುವವರೆಗೂ ಅಲ್ಲೇ ಇರಲಿ. ಕಣ್ಣು ಚೆಂಡಿನ ಹಿಂದಿನ ಎರಡು ಇಂಚಿನ ಜಾಗದ ಮೇಲೆ. ಇನ್ನು ವೇಗ. ಅಷ್ಟೇ ದೂರಕ್ಕೆ ಹುಲ್ಲಿನಿಂದ ಹೊಡೆಯುವಾಗ ಎಷ್ಟು ಬೇಕೋ ಅದರ ಎರಡು ಮೂರು ಪಟ್ಟು ಬೇಕು. ಇಲ್ಲೇ ಎಲ್ಲರೂ ಹೆದರುವುದು. ಗ್ರೀನ್ ಹತ್ತಿರ ಇದೆ ಅಂತ ಮನಸ್ಸು ಕೈಯನ್ನು ತಡೆಯುತ್ತದೆ, ಕ್ಲಬ್ ಹೊಯಿಗೆಯಲ್ಲೇ ನಿಲ್ಲುತ್ತದೆ. ಕೈ ಎಡ ಭುಜದ ಎತ್ತರಕ್ಕೆ ಹೋಗಿ ಮುಗಿಯಲೇಬೇಕು.

ಪಿಲಿಕುಳದಲ್ಲಿ ನನ್ನ ಜೊತೆ ಚೀಲ ಹೊತ್ತು ಬರುವ ಕ್ಯಾಡಿ ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾನೆ. "ಚೆಂಡನ್ನು ಮರೆತುಬಿಡಿ ಸರ್, ಹೊಯಿಗೆಯನ್ನು ಗ್ರೀನ್ ಮೇಲೆ ಎಸೆಯಿರಿ." ಇದಕ್ಕಿಂತ ಒಳ್ಳೆಯ ಪಾಠ ನಾನು ಕೇಳಿಲ್ಲ. ದೂರ ಕಡಿಮೆ ಬೇಕೋ, ಹೊಯಿಗೆ ಸ್ವಲ್ಪ ದೂರ ಎಸೆಯಿರಿ. ಜಾಸ್ತಿ ಬೇಕೋ, ಹೆಚ್ಚು ದೂರ ಎಸೆಯಿರಿ. ಈ ವೆಜ್‌ನ ಅಗಲ ತಳ ಅದನ್ನು ಸುಲಭ ಮಾಡುತ್ತದೆ, ಎರಡು ಇಂಚಿನ ಬದಲು ಮೂರು ಇಂಚು ಹಿಂದೆ ತಾಗಿದರೂ ಚೆಂಡು ಹೊರಗೆ ಬರುತ್ತದೆ. ಹೋಲ್ ಹತ್ತಿರ ಹೋಗಿ ನಿಲ್ಲದೆ ಇರಬಹುದು, ಬಂಕರ್‌ನಲ್ಲಂತೂ ಉಳಿಯುವುದಿಲ್ಲ. ಅಮೆರಿಕದ ಪಿಜಿಎ ಟೂರ್‌ನ ದೊಡ್ಡ ಆಟಗಾರರೇ ಗ್ರೀನ್ ಪಕ್ಕದ ಬಂಕರ್‌ನಿಂದ ಎರಡು ಏಟಿನಲ್ಲಿ ಮುಗಿಸುವುದು ಹೆಚ್ಚು ಕಡಿಮೆ ಅರ್ಧದಷ್ಟು ಸಲ ಮಾತ್ರ. ನಮ್ಮಂಥವರಿಗೆ ಮೊದಲ ಏಟಿಗೆ ಗ್ರೀನ್ ಸಿಕ್ಕಿದರೆ ಸಾಕು, ಹೋಲ್ ಆಮೇಲಿನ ಮಾತು.

ಚೆಂಡು ಹೂತಿದ್ದಾಗ, ಸುತ್ತಲೂ ಬಳೆಯ ಹಾಗೆ ಹೊಯಿಗೆ ಎದ್ದು ನಡುವೆ ಚೆಂಡಿನ ನೆತ್ತಿ ಮಾತ್ರ ಕಾಣುವಾಗ, ಈ ಎಲ್ಲ ಕ್ರಮ ತಲೆಕೆಳಗು. ಫ್ರೈಡ್ ಎಗ್ ಅನ್ನುತ್ತಾರಲ್ಲ, ಅದು. ಆಗ ಅಂಚು ಕಚ್ಚಲೇಬೇಕು. ಫೇಸ್ ನೇರ, ಬೇಕಾದರೆ ಒಂದಿಷ್ಟು ಮುಚ್ಚಿ. ಚೆಂಡು ಕಾಲಿನ ನಡುವಿಗೆ. ಕಡಿದಾಗಿ ಇಳಿಸಿ, ಹೊಡೆದಲ್ಲೇ ಬಿಡಿ. 14 ಬೌನ್ಸ್ ಇದ್ದರೂ ಫೇಸ್ ಮುಚ್ಚಿದಾಗ ಇದು ಸಾಕಷ್ಟು ಒಳಗೆ ಹೋಗುತ್ತದೆ, ನನಗೆ ತೊಂದರೆ ಆಗಲಿಲ್ಲ. ಚೆಂಡಿಗೆ ಸ್ಪಿನ್ ಇರುವುದಿಲ್ಲ, ಬಿದ್ದು ದೂರ ಓಡುತ್ತದೆ. ಓಡಲು ಜಾಗ ಇರುವ ಕಡೆಗೆ ಹೊಡೆಯಿರಿ. ಗೋಡೆಗೆ ಅಂಟಿ ಕೂತಿದ್ದು ಏನೂ ಮಾಡಲಾಗದು ಅಂತಾದರೆ, ಎರಡು ಏಟು ದಂಡ ಕೊಟ್ಟು ಬಂಕರ್‌ನಿಂದ ಹೊರಗೆ, ಹೋಲ್‌ನಿಂದ ಚೆಂಡಿಗೆ ಎಳೆದ ಗೆರೆಯ ಹಿಂದೆ ಡ್ರಾಪ್ ಮಾಡುವ ದಾರಿಯೂ 2019ರಿಂದ ಇದೆ.

ನನ್ನ ಭಾವನ ಕೈಗೂ ಇದನ್ನು ಕೊಟ್ಟು ನೋಡಿದೆ. ಅವರ ಸ್ವಿಂಗ್ ನನ್ನದಕ್ಕೆ ಪೂರ್ತಿ ಎದುರು. ಚಪ್ಪಟೆ, ಗುಡಿಸಿದ ಹಾಗೆ. ಹೊಯಿಗೆಯನ್ನು ಮೇಲಿಂದ ಸವರಿ ತೆಗೆಯುವವರು. ಅವರಿಗೆ ಒಣ ಹೊಯಿಗೆಯಲ್ಲೂ ಇದು ಚಿಮ್ಮುತ್ತದೆ. "ಇದು ನನ್ನ ಕೈಗಲ್ಲ ಭಾವ, ನೀವೇ ಇಟ್ಟುಕೊಳ್ಳಿ" ಅಂತ ಮರಳಿ ಕೊಟ್ಟರು. ಅವರು ಬಳಸುವುದು ಇದೇ ಸಾಲಿನ 56-10 ಎಸ್. ಬೌನ್ಸ್ 10, ತಳದ ಹಿಂದಂಚನ್ನು ತಿಕ್ಕಿ ತೆಗೆದಿರುವುದರಿಂದ ನೆಲಕ್ಕೆ ಹತ್ತಿರ ಕೂರುತ್ತದೆ. ಅದನ್ನು ನಾನು ಹಿಡಿದರೆ ಹೂತುಕೊಳ್ಳುತ್ತದೆ. ಒಂದೇ ಕಂಪನಿ, ಒಂದೇ ಲಾಫ್ಟ್, ಎರಡು ಕೈಗೆ ಎರಡು ಬೇರೆ ಕ್ಲಬ್. ಹಾಗಾಗಿ "ಯಾವ ವೆಜ್ ಒಳ್ಳೆಯದು" ಅಂತ ಯಾರಾದರೂ ಕೇಳಿದರೆ ನಾನು ಮೊದಲು ಅವರ ಡಿವಟ್ (ಹೊಡೆದಾಗ ಕಿತ್ತು ಬರುವ ಹುಲ್ಲು) ನೋಡುತ್ತೇನೆ. ಹುಲ್ಲು ದಪ್ಪಗೆ ಎದ್ದು ಬರುತ್ತದೆಯೋ, 12 ಅಥವಾ 14ಕ್ಕೆ ಹೋಗಿ. ಹುಲ್ಲು ಕೀಳದೆ ಬರೀ ಸವರುತ್ತೀರೋ, 8ರಿಂದ 10 ಸಾಕು.

ಹೊಯಿಗೆಯ ಹೊರಗೆ ಇದರ ಗುಣ ಹೇಗೆ? ನಲವತ್ತು ಐವತ್ತು ಗಜದ ಪಿಚ್ ಹೊಡೆತಕ್ಕೆ ತುಂಬ ಒಳ್ಳೆಯದು. ಮಳೆ ಬಂದು ಮೆತ್ತಗಾದ ಫೇರ್‌ವೇಯಲ್ಲಿ (ಗ್ರೀನ್‌ವರೆಗಿನ ಹುಲ್ಲಿನ ದಾರಿ) ತಲೆ ಹೂತುಕೊಳ್ಳದೆ ಜಾರುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಹುಲ್ಲು ಒಣಗಿ ಅಡಿಯ ಮುರ ಕಾಣುವ ಕಡೆ ಮಾತ್ರ ಇದನ್ನು ತೆಗೆಯುವುದೇ ಇಲ್ಲ. ಅಂಥ ಬರಿ ನೆಲದಿಂದ ಪಿಚಿಂಗ್ ವೆಜ್‌ನಲ್ಲಿ ಉರುಳಿಸಿಬಿಡುವುದು ಕ್ಷೇಮ. ಇದು ಈ ಕ್ಲಬ್ಬಿನ ದೋಷ ಅಲ್ಲ, ಹೆಚ್ಚು ಬೌನ್ಸ್ ಇರುವ ಎಲ್ಲ ವೆಜ್‌ಗೂ ಹೀಗೇ. ಆದರೆ ಒಂದೇ ವೆಜ್‌ನಲ್ಲಿ ಎಲ್ಲ ಮಾಡುತ್ತೇನೆ ಅನ್ನುವವರು ಯೋಚಿಸಿ. ಬಂಕರ್ ದೊಡ್ಡದಾಗಿ, ಗ್ರೀನ್‌ಗೆ ಮೂವತ್ತು ಗಜದ ಮೇಲೆ ಇದ್ದರೂ ಇದು ಸಾಲದು. ಆಗ 50 ಅಥವಾ 52 ಡಿಗ್ರಿಯ ಗ್ಯಾಪ್ ವೆಜ್ ತೆಗೆದು ಇದೇ ಕ್ರಮದಲ್ಲಿ ಹೊಯಿಗೆ ಎಸೆದರೆ ಚೆಂಡು ಕೆಳಗಿನಿಂದ ಹೋಗಿ ದೂರ ತಲುಪುತ್ತದೆ.

ಕಡಲ ಬದಿಯವರಿಗೆ ಫಿನಿಶ್ ಬಗ್ಗೆ ಒಂದು ಮಾತು. ಇದು ಕ್ರೋಮ್, ಕಪ್ಪು, ರಾ ಅಂತ ಬೇರೆ ಬೇರೆ ಬಗೆಯಲ್ಲಿ ಬಂದಿದೆ. ರಾ ಅಂದರೆ ಮೇಲೆ ಲೇಪ ಇಲ್ಲದ್ದು, ತುಕ್ಕು ಹಿಡಿಯಲೆಂದೇ ಬಿಟ್ಟದ್ದು. ನೋಡಲು ಕೆಲವರಿಗೆ ಇಷ್ಟ. ನಮ್ಮ ಉಪ್ಪುಗಾಳಿಗೆ, ಮಳೆಗಾಲದ ತೇವಕ್ಕೆ ಅದು ಬೇಡ. ನನ್ನದು ಕ್ರೋಮ್. ಕಡಪ್ಪುರದಿಂದ ಬಂದ ಕೂಡಲೇ ಬಾವಿ ನೀರಿನಲ್ಲಿ ತೊಳೆದು, ಹಳೆ ಬೈರಾಸಿನಲ್ಲಿ ಒರಸಿ ಇಡುತ್ತೇನೆ, ಇನ್ನೂ ಹೊಳೆಯುತ್ತಿದೆ. ಗ್ರಿಪ್ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಸೋಪು ನೀರಿನಲ್ಲಿ ಉಜ್ಜಿ ಗಾಳಿಗೆ ಒಣಗಿಸಿ, ಬಿಸಿಲಿಗೆ ಇಡಬೇಡಿ, ರಬ್ಬರ್ ಒಡೆಯುತ್ತದೆ.

ಬೆಲೆಯ ವಿಷಯ. ಹೊಸದು ದುಬಾರಿ. ನಾನು ಕೊಂಡದ್ದು ಬಳಸಿದ್ದು, ಆರೂವರೆ ಸಾವಿರಕ್ಕೆ. ಎಸ್‌ಎಂ8 ಬಂದದ್ದು 2020ರಲ್ಲಿ, ಆಮೇಲೆ ಎಸ್‌ಎಂ9, ಎಸ್‌ಎಂ10 ಬಂದಿವೆ. ಬಂಕರ್‌ಗೆ ಮಾತ್ರ ಅಂತಾದರೆ ಹಳೆಯದೇ ಸಾಕು, ಯಾಕೆ ಅಂತ ಹೇಳುತ್ತೇನೆ. ವೆಜ್ ಹಳತಾದರೆ ಮೊದಲು ಸವೆಯುವುದು ಫೇಸ್ ಮೇಲಿನ ಗೆರೆಗಳು, ಗ್ರೂವ್. ಹುಲ್ಲಿನಿಂದ ಹೊಡೆಯುವಾಗ ಸ್ಪಿನ್‌ಗೆ ಅವು ಬೇಕೇ ಬೇಕು. ಬಂಕರ್‌ನಲ್ಲಿ ಫೇಸ್‌ಗೂ ಚೆಂಡಿಗೂ ನಡುವೆ ಹೊಯಿಗೆಯ ಪದರ ಇರುತ್ತದೆ, ಅಲ್ಲಿ ಗ್ರೂವ್‌ಗಿಂತ ವೇಗ ಮತ್ತು ತಳ ಮುಖ್ಯ. ತಳದ ಆಕಾರ ಅಷ್ಟು ಬೇಗ ಸವೆಯುವುದಿಲ್ಲ.

ಬಳಸಿದ್ದು ಕೊಳ್ಳುವಾಗ ಲಾಫ್ಟ್, ಬೌನ್ಸ್, ಗ್ರೈಂಡ್ ಮೂರೂ ಕ್ಲಬ್ಬಿನ ಮೇಲೆ ಅಚ್ಚೊತ್ತಿದೆಯೇ ನೋಡಿ. ಮಾರುವವರು ಬಾಯಿಮಾತಿನಲ್ಲಿ ಹೇಳುವುದನ್ನು ನಂಬಬೇಡಿ, ಫೋಟೋ ಕೇಳಿ, ಮುಖದ್ದಲ್ಲ, ತಳದ್ದು. ತಳದಲ್ಲಿ ಮೆಷಿನ್ ಹಿಡಿದು ತಿಕ್ಕಿದ ಗುರುತು ಇದ್ದರೆ ಬಿಟ್ಟುಬಿಡಿ, ಬರೆದಿರುವ ಅಂಕೆಗೆ ಆಗ ಬೆಲೆ ಇಲ್ಲ. ಅಂಚಿನಲ್ಲಿ ಕಲ್ಲು ತಾಗಿದ ಸಣ್ಣ ಗೀರು ಇದ್ದರೆ ಪರವಾಗಿಲ್ಲ. ಚೀಲದಲ್ಲಿ 14 ಕ್ಲಬ್‌ಗಿಂತ ಜಾಸ್ತಿ ಇಡುವ ಹಾಗಿಲ್ಲ, ಜಾಗ ಇಲ್ಲ ಅನ್ನುವವರು ಎಂದೂ ಸರಿಯಾಗಿ ತಾಗದ 3 ಐರನ್ ತೆಗೆದು ಇದನ್ನು ಹಾಕಿ. ಕಡಿದು ಇಳಿಯುವ ಸ್ವಿಂಗ್ ಇದ್ದು, ಬಂಕರ್ ಕಂಡರೆ ಕೈ ನಡುಗುವವರಿಗೆ ನಾನು ಧೈರ್ಯವಾಗಿ ಹೇಳುವ ವೆಜ್ ಇದು. ಭಾವನ ಹಾಗೆ ಸವರುವವರು 56-10 ಎಸ್ ನೋಡಿ. ಕೊಳ್ಳುವ ಮುಂಚೆ ಹಿಡಿದು ನೋಡಬೇಕು ಅಂತಿರುವ ನಮ್ಮ ಕಡೆಯವರು ಯಾವುದಾದರೂ ಭಾನುವಾರ ಬೆಳಗ್ಗೆ ಬನ್ನಿ, ತೋಟದ ಹೊಯಿಗೆ ಹೊಂಡದಲ್ಲಿ ಎರಡನ್ನೂ ಹೊಡೆದು ನೋಡಬಹುದು. ಹೊಡೆದಾದ ಮೇಲೆ ಹೊಯಿಗೆ ಎಳೆದು ಸಮ ಮಾಡಿ ಹೋಗಬೇಕು, ಕೋರ್ಸ್‌ನಲ್ಲಿ ಮಾಡುವ ಹಾಗೆ.